ಐದು ತೊಲಿ ಮಣ್ಣು

ಕೊರಿಯರ್ ಹುಡುಗ ಬಂದಾಗ ನಾನು ಕಟ್ಟೆಯ ಮೇಲೆ ಕುಳಿತು ಪೇಪರಿನಲ್ಲಿ ಬಂಗಾರದ ಧಾರಣಿ ಓದುತ್ತಿದ್ದೆ. ಕೊಳ್ಳುವವನಲ್ಲ, ಮಾರುವವನಲ್ಲ, ಆದರೂ 10 ಗ್ರಾಮಿಗೆ ಲಕ್ಷ ದಾಟಿತೆಂದು ಓದಿದ ದಿನ ನನ್ನ ಕಿಸೆಗೇ ಯಾರೋ ಕೈ ಹಾಕಿದಂತೆ ಸಂಕಟವಾಗುತ್ತದೆ. ನಿವೃತ್ತರಿಗೆ ಇಂಥ ಪುಕ್ಕಟೆ ಸಂಕಟಗಳು ಬಹಳ. ಹುಡುಗ ಕೊಟ್ಟ ಡಬ್ಬಿ ಬಿಚ್ಚಿದರೆ ಒಳಗೆ ಸಾಬೂನಿನ ವಡಿಯಂಥದೊಂದು ಕೆಂಪು ತುಂಡು, ಮೇಲೆ 57 ಗ್ರಾಂ ಎಂದು ಮುದ್ರೆ. ಸಹಕಾರಿ ಬ್ಯಾಂಕಿನಲ್ಲಿ ಬಂಗಾರದ ಸಾಲದ ಟೇಬಲ್ಲಿಗೆ ಕೂತೇ ತಲೆ ಬೆಳ್ಳಗೆ ಮಾಡಿಕೊಂಡವನಿಗೆ ಗ್ರಾಂ ಕಂಡ ಕೂಡಲೇ ತೊಲಿಯ ಲೆಕ್ಕ ತಾನಾಗಿ ಬರುತ್ತದೆ. ತೊಲಿಗೆ 11.66. ಅಂದರೆ ಹತ್ತಿರ ಹತ್ತಿರ ಐದು ತೊಲಿ!

“ಏ, ಐದು ತೊಲಿ ಬಂದೈತಿ, ಲಗೂನ ಬಾ ಇಲ್ಲೆ” ಎಂದು ಕೂಗಿದೆ.

ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಕೂಗಿಗೆ ಆಕೆ ಅಷ್ಟು ಬೇಗ ಹೊರಗೆ ಬಂದದ್ದು ಅದೇ ಮೊದಲು. ಕೈಗೆ ಜೋಳದ ಹಿಟ್ಟು ಹಾಗೇ ಇತ್ತು. ತುಂಡನ್ನು ಮೂಸಿ ನೋಡಿದಳು, ಉಗುರಿನಿಂದ ಗೀರಿದಳು.

“ಮಣ್ಣ ಅಲ್ಲೇನ್ರಿ ಇದು?”

“ಮಣ್ಣ ಅಂತಾರ. ಆದ್ರ ಮಣ್ಣಲ್ಲ.”

“ಮಣ್ಣಲ್ಲದ ಮಣ್ಣಿಗಿ ರೊಕ್ಕ ಕೊಟ್ರಿ?” ಎಂದು ನನ್ನ ಮುಖ ನೋಡಿ ಒಳಗೆ ಹೋದಳು. ಆ ನೋಟದಲ್ಲಿ ನನ್ನ ಪೆನ್ಶನ್ನಿನ ಇಡೀ ಲೆಕ್ಕಪತ್ರವಿತ್ತು.

ನಮ್ಮ ಮನೆಯ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. ನಾವು ಬನಹಟ್ಟಿಯ ನೇಕಾರರು. ಮನೆಯಾಕೆ ಜಮಖಂಡಿಯವಳು, ಪಟವರ್ಧನರ ಸಂಸ್ಥಾನ 1948ರಲ್ಲಿ ವಿಲೀನವಾಯಿತೆಂದು ಇತಿಹಾಸದ ಪುಸ್ತಕದಲ್ಲಿದೆ, ನಮ್ಮ ಮನೆಯಲ್ಲಿ ಇನ್ನೂ ಆಗಿಲ್ಲ. ಸೊಸೆ ಮುಧೋಳದವಳು, ‘ಗದಾಯುದ್ಧ’ ಬರೆದ ರನ್ನನ ಊರು; ಅದರ ಪರಿಣಾಮ ಅತ್ತೆ ಸೊಸೆ ಮಾತಿಗೆ ನಿಂತಾಗ ತಿಳಿಯುತ್ತದೆ. ಅಕ್ಕನನ್ನು ಬೀಳಗಿಗೆ ಕೊಟ್ಟಿದ್ದೇವೆ. ಈ ಒಕ್ಕೂಟ ಸರ್ಕಾರಕ್ಕೆ ಮುಖ್ಯಸ್ಥೆ ಒಂಬತ್ತನೆಯ ಇಯತ್ತೆಯ ಮೊಮ್ಮಗಳು. ಬೇಸಿಗೆ ರಜೆಯಲ್ಲಿ ಮೊಬೈಲ್ ನೋಡುತ್ತ ಈ ಪಾಲಿಮರ್ ಕ್ಲೇ ಎಂಬ ಹುಚ್ಚು ಹಿಡಿಸಿಕೊಂಡವಳು ಅವಳು. ರೊಕ್ಕ ಕೊಡುವವನು ಬೇಕಿತ್ತು, ನಾನು ಶಿಷ್ಯನಾದೆ.

ಮೊದಲು ಪೇಟೆಯಲ್ಲಿ ಹುಡುಕಿದ್ದುಂಟು. ಜಮಖಂಡಿಯ ಅಂಗಡಿಯೊಂದರಲ್ಲಿ ಕೇಳಿದರೆ ಮಕ್ಕಳು ಆಡುವ ಬಣ್ಣದ ಮೇಣ ತೋರಿಸಿದರು. ಅದು ಯಾವ ಜನ್ಮಕ್ಕೂ ಗಟ್ಟಿಯಾಗುವುದಿಲ್ಲ. ಇನ್ನೊಂದರಲ್ಲಿ ಗಣಪತಿ ಮಾಡುವ ಶಾಡು ಮಣ್ಣು ಕೊಟ್ಟರು. ಆಮೇಲೆ ಮೊಮ್ಮಗಳು ಗೋವಿನಜೋಳದ ಹಿಟ್ಟಿಗೆ ಫೆವಿಕಾಲ್ ಸುರಿದು, ನಾಲ್ಕು ಹನಿ ಎಣ್ಣೆ, ಲಿಂಬೆರಸ ಹಿಂಡಿ, ಒಲೆಯ ಮೇಲೆ ತಿರುವಿ ಮುದ್ದೆ ಮಾಡಿದಳು. ಕೋಲ್ಡ್ ಪೋರ್ಸೆಲಿನ್ ಅಂತ ಅದರ ಹೆಸರು. ಗಾಳಿಗೆ ತಾನೇ ಒಣಗಿ ಗಟ್ಟಿಯಾಗುತ್ತದೆ, ಚಂದವೂ ಕಾಣುತ್ತದೆ. ಆದರೆ ಒಣಗುತ್ತ ಒಣಗುತ್ತ ಸೊರಗುತ್ತದೆ. ಮೋಸಂಬಿಯಷ್ಟು ದೊಡ್ಡ ಹೂವು ಮಾಡಿದರೆ ಲಿಂಬೆಕಾಯಿಯಷ್ಟು ಉಳಿಯಿತು. ಕಡೆಗೆ ಆನ್‌ಲೈನಿಗೆ ಶರಣಾಗಿ ಈ ಐದು ತೊಲಿ ತರಿಸಿದ್ದು.

ಇದರ ಜಾತಕ ಕೇಳಿ. ಜೇಡಿ ಇಲ್ಲ, ಎರಿ ಇಲ್ಲ, ಯಾವ ಕೆರೆಯ ಹೂಳೂ ಇಲ್ಲ. ಕಬ್ಬಿಗೆ ನೀರು ಒಯ್ಯಲು ನಾವು ಹೊಲದಲ್ಲಿ ಹೂಳುವ ಪೈಪು ಇದೆಯಲ್ಲ, ಪಿವಿಸಿ, ಅದೇ ವಸ್ತುವಿನ ನುಣ್ಣನೆ ಪುಡಿಗೆ ಮೆತ್ತಗಾಗಲು ಎಣ್ಣೆಯಂಥದೊಂದು ದ್ರವ ಸೇರಿಸಿ, ಬಣ್ಣ ಹಾಕಿ ನಾದಿರುತ್ತಾರೆ. ಹಾಗಾಗಿ ಹೊಲದ ಪೈಪೂ ಸೊಸೆಯ ಕಿವಿಯ ಝುಮಕಿಯೂ ಒಂದೇ ಕುಲ. ನೀರು ಹಾಕಿದರೆ ಕರಗುವುದಿಲ್ಲ, ಗಾಳಿಗಿಟ್ಟರೆ ಒಣಗುವುದಿಲ್ಲ. ಕಂಪನಿಗೆ ತಕ್ಕಂತೆ 110ರಿಂದ 135 ಡಿಗ್ರಿ ಕಾವಿನಲ್ಲಿ ಅರ್ಧ ತಾಸು ಇಟ್ಟರಷ್ಟೇ ಕಣ ಕಣ ಬೆಸೆದುಕೊಂಡು ಗಟ್ಟಿಯಾಗುವುದು. ಇದರ ಮೂಲ ಹುಡುಕಿದರೆ ಜರ್ಮನಿಯ ಒಂದು ಗೊಂಬೆಯ ಮನೆತನ ಸಿಗುತ್ತದೆ. ಕೇಟೆ ಕ್ರೂಸ ಎಂಬ ಹೆಸರಾಂತ ಗೊಂಬೆ ತಯಾರಕಿ. ಅವರ ಮಗಳು ಸೋಫಿಯನ್ನು ಮನೆಯಲ್ಲಿ ಕರೆಯುತ್ತಿದ್ದದ್ದು ಫಿಫಿ ಅಂತ. ಆಕೆ ಈ ಮಣ್ಣಲ್ಲದ ಮಣ್ಣನ್ನು ಹದಕ್ಕೆ ತಂದು ‘ಫಿಫಿ ಮೊಸಾಯಿಕ್’ ಎಂದು ಮಾರಿದಳು. 1964ರಲ್ಲಿ ಎಬರ್‌ಹಾರ್ಡ್ ಫಾಬರ್ ಎಂಬ ಪೆನ್ಸಿಲ್ ಕಂಪನಿ ಅದನ್ನು ಕೊಂಡಿತು, ಹೆಸರು ಮೊಟಕಾಗಿ ‘ಫಿಮೊ’ ಆಯಿತು. ಮನೆಯಲ್ಲಿ ಮುದ್ದಿಗೆ ಕರೆದ ಹೆಸರು ಲೋಕಕ್ಕೆಲ್ಲ ಡಬ್ಬಿಯ ಹೆಸರಾಗಿ ಹೋಯಿತು ನೋಡಿ. ನಮ್ಮ ಮನೆಯಲ್ಲಿ ಮೊಮ್ಮಗಳನ್ನು ಕರೆಯುವುದು ‘ಚಿಗಳಿ’ ಅಂತ. ಅದರ ಮೇಲೆ ಯಾವ ಕಂಪನಿಯೂ ಇನ್ನೂ ಕಣ್ಣು ಹಾಕಿಲ್ಲ.

ವಿದ್ಯಾಭ್ಯಾಸ ನಾದುವುದರಿಂದ ಶುರು. ತುಂಡು ಹೊಸದಾಗಿದ್ದಾಗ ಬಿರುಸು, ಮಡಚಿದರೆ ಬಿರಿಯುತ್ತದೆ. ನಾದಿ ನಾದಿ ಹದ ಮಾಡಬೇಕು. ನಾನು ಅರ್ಧ ತಾಸು ಹಿಚುಕಿದೆ, ಬೆರಳಿನ ಗೆಣ್ಣು ನೋವಾದವೇ ಹೊರತು ಅದು ಮಾತು ಕೇಳಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮನೆಯಾಕೆಗೆ ತಡೆಯಲಾಗಲಿಲ್ಲ. “ಕೊಡ್ರಿ ಇಲ್ಲೆ, ಸಾಲ ವಸೂಲಿ ಮಾಡಿದಂಗ ಮಾಡ್ತೀರಿ” ಎಂದು ಕಸಿದುಕೊಂಡು ಎರಡು ನಿಮಿಷಕ್ಕೆ ಬೆಣ್ಣೆ ಮಾಡಿದಳು. ಆಮೇಲೆ ಸುಮ್ಮನಿರದೆ ಟೈಲ್ಸಿನ ಮೇಲೆ ಹಾಕಿ ಟಪ ಟಪ ಬಡಿದಳು. ತುದಿಯಿಂದ ತುದಿಗೆ ಒಂದೇ ದಪ್ಪದ ಹಾಳೆ! ಲೋಕವೆಲ್ಲ ಈ ಕೆಲಸಕ್ಕೆ ಪಾಸ್ತಾ ಮಾಡುವ ಇಟಲಿಯ ಯಂತ್ರ ಇಟ್ಟುಕೊಂಡಿದೆಯಂತೆ. ನಮ್ಮ ಕಡೆ ಕಡಕ ರೊಟ್ಟಿ ಬಡಿದ ಕೈ ಇದೆ. ಮೊಮ್ಮಗಳು ಬಾಯಿ ತೆರೆದು ನಿಂತಳು: “ಆಯಿ, ನೀ ಎಲ್ಲಿ ಕಲ್ತಿ?” “ನಿಮ್ಮ ಮುತ್ಯಾನ ಹೊಟ್ಟಿ ಕಲಿಸೈತಿ” ಎಂದು ಉತ್ತರ ಬಂತು.

ಅಂದಿನಿಂದ ಆಕೆ ಈ ಶಾಲೆಯ ಹೆಡ್ ಮಾಸ್ತರು, ಹಾಜರಿಯಲ್ಲಿ ಮಾತ್ರ ಹೆಸರಿಲ್ಲ.

ನಮ್ಮ ಕಡೆಯ ಏಪ್ರಿಲ್ಲಿನಲ್ಲಿ ಇನ್ನೊಂದು ಪೀಡೆ. ಹೊರಗೆ 40 ಡಿಗ್ರಿ ಆದರೆ ಮಣ್ಣು ಕೈಯಲ್ಲೇ ತೊಯ್ದ ಬೆಲ್ಲದಂತೆ ಅಂಟುತ್ತದೆ. ಹಾಳೆಯನ್ನು ಎರಡು ಬಿಳಿ ಕಾಗದದ ನಡುವೆ ಒಂದಿಷ್ಟು ಹೊತ್ತು ಇಟ್ಟರೆ ಹೆಚ್ಚಿನ ಎಣ್ಣೆಯಂಶ ಕಾಗದ ಹೀರಿಕೊಂಡು ಗಟ್ಟಿಯಾಗುತ್ತದೆ. ಮಿರ್ಚಿಭಜಿಯನ್ನು ಪೇಪರಿನ ಮೇಲೆ ಇಟ್ಟು ಬೆಳೆದ ನಾಡಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಹಸಿ ಮಣ್ಣನ್ನು ಕಂಡ ಕಂಡ ಪ್ಲಾಸ್ಟಿಕ್ಕಿನ ಮೇಲೆ ಇಡಬಾರದು ಎಂಬುದನ್ನು ಮಾತ್ರ ನಷ್ಟ ಮಾಡಿಕೊಂಡು ಕಲಿತೆ. ಚಷ್ಮಾದ ಡಬ್ಬಿಯ ಮೇಲೆ ಒಂದು ಉಂಡೆ ಮರೆತಿದ್ದೆ, ವಾರದೊಳಗೆ ಮುಚ್ಚಳ ಮೆತ್ತಗಾಗಿ ಅಂಟು ಹಿಡಿದಿತ್ತು. ಜೊತೆಗಿದ್ದವರನ್ನು ತನ್ನಂತೆ ಮಾಡುವ ಗುಣ.

ಬೇಯಿಸುವ ಪ್ರಸಂಗವನ್ನು ಬಿಟ್ಟರೆ ಓಣಿಯವರು ನನ್ನನ್ನು ಬಿಡಲಾರರು. ಮಗ ಒಂದು ಸಣ್ಣ ಓವನ್ ತಂದುಕೊಟ್ಟಿದ್ದ. ಗುಂಡಿಯನ್ನು 130ಕ್ಕೆ ತಿರುಗಿಸಿ, ಮುತ್ತಿನಂಥ ಇಪ್ಪತ್ತು ಬಿಳಿ ಮಣಿಗಳನ್ನು ಒಳಗಿಟ್ಟು, ನಾನು ಪೇಪರು ಹಿಡಿದೆ. ಗುಂಡಿ ಹೇಳುವುದು ಒಂದು, ಒಳಗಿನ ಕಾವು ಇನ್ನೊಂದು ಎಂದು ಯಾರಿಗೆ ಗೊತ್ತು? ಪಿವಿಸಿ ಸೀದರೆ ಬರುವುದು ಆಮ್ಲದ ಹೊಗೆ. ಮೂಗು, ಗಂಟಲು ಉರಿಯುತ್ತವೆ, ಒಳ್ಳೆಯದಲ್ಲ. ನಮ್ಮ ಓಣಿಯಲ್ಲಿ ಸುಟ್ಟ ವಾಸನೆ ಬಂದರೆ ಅರ್ಥ ಒಂದೇ. ಎರಡು ನಿಮಿಷದಲ್ಲಿ ಅಕ್ಕಪಕ್ಕದ ಪವರ್‌ಲೂಮುಗಳ ಖಟಾಖಟ ನಿಂತಿತು. ಪ್ರತಿಯೊಬ್ಬರೂ ತಮ್ಮ ತಮ್ಮ ಮೋಟಾರು ಮುಟ್ಟಿ ನೋಡಿ, ಆಮೇಲೆ ನಮ್ಮ ಬಾಗಿಲಿಗೆ ಬಂದರು. “ಏನ ಸುಟ್ಟತ್ರಿ ಕಾಕಾ?” “ಮುತ್ತ ಸುಟ್ಟೂ.” ಶೇಂಗಾ ಹುರಿದಂತೆ ಕಂದಿದ್ದ ಇಪ್ಪತ್ತು ಮಣಿಗಳನ್ನು ಅವರ ಮುಂದೆ ಹಿಡಿದೆ. ಒಬ್ಬ ಹಿರಿಯರು ಒಂದನ್ನು ಬಾಯಿಗೆ ಹಾಕಿಕೊಳ್ಳುವುದರಲ್ಲಿದ್ದರು, ತಡೆದೆವು. ಮರುದಿನವೇ ಓವನ್ನಿನೊಳಗೆ ಇಡುವ ಬೇರೆ ಥರ್ಮಾಮೀಟರ್ ಬಂತು, ಓವನ್ನು ಅಡುಗೆಮನೆ ಬಿಟ್ಟು ಕಿಟಕಿ ಇರುವ ಪಡಸಾಲೆಗೆ ಹೋಯಿತು. ಅದರಲ್ಲಿ ಇನ್ನು ಯಾವ ಕೇಕೂ ಬೇಯುವಂತಿಲ್ಲ. ಈ ಮಣ್ಣು ಮುಟ್ಟಿದ ಸಾಮಾನು ಮತ್ತೆ ಅಡುಗೆಗೆ ಬಳಸಬಾರದು, ಅದು ಈ ವಿದ್ಯೆಯ ಮಡಿ.

ಆ ಮಡಿಯಿಂದಲೇ ನನ್ನ ಗ್ರಹಚಾರ ಕೆಟ್ಟದ್ದು. ಅದನ್ನು ಕೊನೆಗೆ ಹೇಳುತ್ತೇನೆ.

ಎರಡನೆಯ ಸಲ ಮಣಿಗಳು ಹದವಾಗಿ ಬೆಂದವು. ಆದರೆ ಬೆಳಕಿಗೆ ಹಿಡಿದರೆ ಪ್ರತಿ ಮಣಿಯ ಮೇಲೂ ನನ್ನ ಹೆಬ್ಬೆಟ್ಟು! ನೌಕರಿಯುದ್ದಕ್ಕೂ ಊರವರ ಹೆಬ್ಬೆಟ್ಟು ಒತ್ತಿಸಿಕೊಂಡ ಪಾಪ ಮುದಿಗಾಲದಲ್ಲಿ ಹೀಗೆ ತೀರಬೇಕಿತ್ತು. ಮೊಮ್ಮಗಳು ಹಾದಿ ತೋರಿಸಿದಳು. ಬೇಯಿಸುವ ಮೊದಲು ಸ್ಪಿರಿಟ್ಟಿನಲ್ಲಿ ಅದ್ದಿದ ಕುಂಚದಿಂದ ಸವರಬೇಕು, ಬೆಂದ ಮೇಲೆ ನುಣ್ಣನೆ ಉಸುಕಿನ ಕಾಗದವನ್ನು ನೀರಲ್ಲಿ ಅದ್ದಿ ತಿಕ್ಕಬೇಕು, ಆಮೇಲೆ ಹಳೆ ಜೀನ್ಸ್ ಬಟ್ಟೆಯಿಂದ ಉಜ್ಜಬೇಕು. ನಾನು ತಿಕ್ಕುತ್ತ ಕೂತರೆ ಹಾದಿಯಲ್ಲಿ ಹೋಗುವವರು “ಸಾಹೇಬ್ರ ಜಪಕ್ಕ ಕುಂತಾರ” ಎನ್ನುತ್ತಾರೆ.

ಒಂದು ದಿನ ಮೊಮ್ಮಗಳು, “ಮುತ್ಯಾ, ಇವತ್ತ ಕೇನ್ ಮಾಡೂಣು” ಅಂದಳು.

“ಹೋದ ಹಂಗಾಮಿನ ಬಿಲ್ಲ ಇನ್ನೂ ಪೂರ್ತಿ ಬಂದಿಲ್ಲವ್ವ, ಮತ್ತ ಯಾಕ ಕಬ್ಬು?”

ಇದು ಬೇರೆ ಕಬ್ಬು. ಬಣ್ಣ ಬಣ್ಣದ ಕಡ್ಡಿಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ಅಡ್ಡ ಕೊಯ್ದರೆ ಹೂವು ಕಾಣುವಂತೆ ಒಂದು ದಪ್ಪ ಕೋಲು ಕಟ್ಟಬೇಕು. ಆಮೇಲೆ ಸುತ್ತಲಿಂದ ಒತ್ತುತ್ತ, ಎಳೆಯುತ್ತ ಹೋದಂತೆ ಕೋಲು ಸಣ್ಣಗೆ ಉದ್ದವಾಗುತ್ತದೆ; ಒಳಗಿನ ಹೂವು ತನ್ನ ಚಹರೆ ಬಿಡದೆ ಸಾಸಿವೆಯಾಗುತ್ತದೆ. ಎಲ್ಲಿ ಕೊಯ್ದರೂ ಅದೇ ಹೂವು. ವೆನಿಸ್ಸಿನ ಗಾಜಿನ ಕುಶಲಕರ್ಮಿಗಳ ಹಳೆಯ ವಿದ್ಯೆ ಇದು, ‘ಮಿಲ್ಲೆಫಿಯೋರಿ’, ಸಾವಿರ ಹೂವು ಅಂತ ಅರ್ಥ. ಎಲ್ಲದರಲ್ಲೂ ನಪಾಸಾಗುತ್ತಿದ್ದ ನಾನು ಇದೊಂದರಲ್ಲಿ ಗುರುವನ್ನು ಮೀರಿಸಿದೆ. ಯಾಕೆಂದರೆ ಇದು ಮಗ್ಗದ ಬುದ್ಧಿ. ಹಾಸಿನಲ್ಲಿ ಎಳೆ ಎಣಿಸಿ ದಡಿಯ ಚಿತ್ರ ಒಂದು ಸಲ ಸರಿಯಾಗಿ ಕೂರಿಸಿದರೆ, ಲಾಳಿ ಓಡಿದಷ್ಟು ದೂರ ಅದೇ ಚಿತ್ರ. ಎಲ್ಲಿ ಯಾವ ಬಣ್ಣ, ಎಷ್ಟು ಎಳೆ ಅನ್ನುವುದು ಮೊದಲೇ ತಲೆಯಲ್ಲಿರಬೇಕು. ನಮ್ಮಪ್ಪ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ನಾನು ತಪ್ಪಿಸಿದ ಎಳೆಯನ್ನು ಹಾಸಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹುಡುಕಿಸುತ್ತಿದ್ದ. ಆಗ ಬೈಗುಳ ಅನಿಸಿದ್ದು ಈಗ ಟೈಲ್ಸಿನ ಮೇಲೆ ಉಪಯೋಗಕ್ಕೆ ಬಂತು. ಮೊಮ್ಮಗಳು ನನ್ನ ಹೂವಿನ ಕೋಲು ಕೊಯ್ದು ನೋಡಿ, “ಮುತ್ಯಾ, ನೀ ಮದಲ ಯಾಕ ಹೇಳಲಿಲ್ಲ?” ಅಂದಳು. ನನಗೂ ಗೊತ್ತಿರಲಿಲ್ಲವಲ್ಲ.

ಕೋಲಿನ ಎರಡೂ ತುದಿ ಮಾತ್ರ ವಕ್ರವಾಗುತ್ತವೆ. ಕಬ್ಬಿನ ವಾಡಿ ಕಡಿದಂತೆ ಕಡಿದು ತೆಗೆಯಬೇಕು. ಆ ಚೂರುಗಳೂ ವ್ಯರ್ಥವಲ್ಲ. ಎಲ್ಲ ಬಣ್ಣ ಕಲಸಿ ಹೊಲಸು ಕಂದಾದ ಮುದ್ದೆಯಿಂದ ಮಣಿಯ ಒಡಲು ಮಾಡಿ, ಮೇಲೆ ತೆಳ್ಳನೆ ಹೂವಿನ ಬಿಲ್ಲೆ ಅಂಟಿಸುತ್ತಾರೆ. ಇದನ್ನು ಕಂಡ ಮನೆಯಾಕೆ, “ಒಳಗ ಹೊಲಸ ತುಂಬಿ ಮ್ಯಾಲ ಚಂದ ಹಚ್ಚೂದು ಮೋಸ ಅಲ್ಲೇನ್ರಿ?” ಅಂದಳು. ಕೊರಳಲ್ಲಿ ತವರಿನ ಬೋರಮಾಳ ಇತ್ತು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. “ನಿನ್ನ ಬೋರಮಾಳದ ಗುಂಡಿನೊಳಗ ಏನೈತಿ? ಅರಗು. ಮ್ಯಾಲ ಬಂಗಾರದ ತಗಡು. ಬ್ಯಾಂಕಿನಾಗ ನಾವು ಅರಗಿನ ತೂಕ ಕಳದ ಸಾಲ ಕೊಡ್ತಿದ್ವಿ” ಎಂದುಬಿಟ್ಟೆ. ಸಂಸ್ಥಾನದ ಬೋರಮಾಳಕ್ಕೆ ಅರಗಿನ ಲೆಕ್ಕ! ಅಂದು ರಾತ್ರಿ ನನ್ನ ಪಾಲಿಗೆ ಬೆಳಗಿನ ರೊಟ್ಟಿ, ಅದೂ ಪಲ್ಯ ಇಲ್ಲದೆ.

ಸೊಸೆಯೊಂದಿಗೆ ಜಗಳವಾದದ್ದು ನಾಯಿಯ ಮೇಲೆ. ಆಭರಣ ಸಾಕು, ಕಲೆಗೆ ಇಳಿಯೋಣ ಎಂದು ಮುಧೋಳ ನಾಯಿ ಮಾಡಲು ಹೋದೆ. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಮೇಲೆ ಅಂಚೆಚೀಟಿ ತಂದಿತ್ತು, ಅದನ್ನೇ ಮುಂದಿಟ್ಟುಕೊಂಡೆ. ಮೋರೆ ಬಂತು, ಒಳಗೆ ಸರಿದ ಹೊಟ್ಟೆಯೂ ಬಂತು. ಆದರೆ ಆ ಜಾತಿಗೆ ಇರುವ ಸೌಂದರ್ಯವೆಲ್ಲ ಕಾಲಲ್ಲಿ. ಕಡ್ಡಿಯಂಥ ನಾಲ್ಕು ಕಾಲು ಓವನ್ನಿನ ಕಾವಿಗೆ ಮೆತ್ತಗಾಗಿ ಮಡಚಿದವು. ಹೊರಗೆ ಬಂದಾಗ ನಾಯಿಗೆ ಕಾಲಿದ್ದ ಗುರುತು ಮಾತ್ರ ಉಳಿದಿತ್ತು. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು, “ಮಾವಾರ, ಇದು ನಮ್ಮೂರ ನಾಯಿ ಅಲ್ಲ ತಗೀರಿ, ಪರವೂರದ್ದು” ಅಂದಳು. ಒಳಗೆ ತಂತಿಯ ಅಸ್ಥಿಪಂಜರ ಕಟ್ಟಿ ಮೇಲೆ ಮಣ್ಣು ಮೆತ್ತಬೇಕು, ಬೇಯುವಾಗ ಹೊಟ್ಟೆಗೆ ಆಸರೆ ಕೊಡಬೇಕು ಎಂದು ಆಮೇಲೆ ತಿಳಿಯಿತು. ಮೂರನೆಯ ನಾಯಿ ಎದ್ದು ನಿಂತಿದೆ. ಓಡುವಂತೆ ಕಾಣುವುದಿಲ್ಲ, ಊಟಕ್ಕೆ ಕಾಯುವಂತೆ ಕಾಣುತ್ತದೆ.

ಸೊಸೆಗೆ ಈ ಕಸುಬಿನ ಮೇಲೆ ತಕರಾರಿಲ್ಲ ಎನ್ನುವುದನ್ನೂ ಹೇಳಬೇಕು. “ನಮ್ಮ ರನ್ನ ಬಳಿಗಾರರ ಮನಿ ಹುಡುಗ ರಿ” ಎನ್ನುತ್ತಾಳೆ. ನಿಜವೇ. ಬಳೆ ಮಾರುವ ಮನೆಯಲ್ಲಿ ಹುಟ್ಟಿ, ಹೆಸರೇ ರತ್ನ ಎಂದಿಟ್ಟುಕೊಂಡು, ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿ ಎನಿಸಿಕೊಂಡವನು. ಬಳೆಯಿಂದ ಕಾವ್ಯಕ್ಕೆ ಹೋದವರಿದ್ದಾರೆ ಸರಿ. ಲೆಡ್ಜರಿನಿಂದ ಬಳೆಗೆ ಬಂದವನು ಸದ್ಯಕ್ಕೆ ನಾನೊಬ್ಬನೇ.

ಮಣ್ಣೆತ್ತಿನ ಅಮಾವಾಸ್ಯೆಗೆ ಬೀಳಗಿಯ ಅಕ್ಕ ಬಂದಳು. ನಮ್ಮ ಕಡೆ ವರ್ಷಕ್ಕೆ ಐದು ಸಲ ಮಣ್ಣಿಗೆ ಪೂಜೆ. ಜ್ಯೇಷ್ಠದಲ್ಲಿ ಎತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದಲ್ಲಿ ಗಣಪ್ಪ, ಅವನ ಬೆನ್ನಿಗೇ ಬುಟ್ಟಿಯಲ್ಲಿ ಕೂತು ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡು ಬರುವ ಜೋಕುಮಾರ. ಗುಳ್ಳವ್ವನಿಗಂತೂ ಹುಡುಗಿಯರು ಗುಲಗಂಜಿ, ಕುಸುಬಿ ಚುಚ್ಚಿ ಮೈತುಂಬ ಒಡವೆ ತೊಡಿಸುತ್ತಾರೆ. ಮಣ್ಣಿನ ಆಭರಣ ಕಲಿಯಲು ಜರ್ಮನಿಗೆ ಯಾಕೆ ಹೋಗಬೇಕಿತ್ತೋ! ಐದೂ ದೇವರಿಗೆ ಒಂದೇ ಕರಾರು: ಮಾಡು, ಪೂಜಿಸು, ಕಳಿಸು.

ಮೊಮ್ಮಗಳು ಈ ಸಲ ಪಾಲಿಮರ್ ಎತ್ತು ಮಾಡಿದ್ದಳು. ಚಂದದ ಜೋಡಿ, ಹಣೆಗೆ ಗೊಂಡೆ, ಕೊರಳಿಗೆ ಗೆಜ್ಜೆಸರ, ಕೋಡಿಗೆ ಹಳದಿ ಕೊಡಣಸು. “ಇವು ಕರಗೂದಿಲ್ಲ ಆಯಿ, ಪ್ರತಿ ವರ್ಷ ಇವನ್ನ ಇಡೂಣು” ಎಂದು ಜಗಲಿಯ ಮೇಲಿಟ್ಟಳು. ಮನೆಯಾಕೆ ನನ್ನ ಮುಖ ನೋಡಿದಳು, ನಾನು ಅಕ್ಕನ ಮುಖ ನೋಡಿದೆ. ಅಕ್ಕ ಎತ್ತನ್ನು ಕೈಯಲ್ಲಿ ತಿರುಗಿಸಿ ನೋಡಿ, “ಚಂದ ಅದಾವ ಖರೆ. ಕರಗಲಾರದ ಎತ್ತು ಪೂಜಿಗಿ ಬರೂದಿಲ್ಲ ತಂಗಿ. ಷೋಕೇಸಿನ್ಯಾಗ ಇಡು” ಅಂದಳು. ಆಮೇಲೆ ತನ್ನ ಚೀಲದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎರಿಮಣ್ಣಿನ ಗಟ್ಟಿ ತೆಗೆದಳು.

ಅಕ್ಕನ ಗಂಡನ ಮನೆಯವರ ಊರು ಆಲಮಟ್ಟಿಯ ಹಿನ್ನೀರಿಗೆ ಹೋಗಿದೆ, ಬೀಳಗಿ ತಾಲೂಕಿನ ಎಷ್ಟೋ ಹಳ್ಳಿಗಳ ಹಾಗೆ. ಮಣ್ಣು ನಾದುತ್ತ ತಾನೇ ಹೇಳಿದಳು: “ನಮ್ಮ ಹಳೆ ಹೊಲದ ಮಣ್ಣ ಇದಕ್ಕಿಂತ ಹದಾ ಬರತಿತ್ತು. ಅದರ ಎತ್ತನ್ನ ನೀರಿಗಿ ಬಿಡೂ ತ್ರಾಸ ಇಲ್ಲ ಈಗ, ಹೊಲಾನ ನೀರಾಗ ಐತಿ.” ಯಾರೂ ನಗಲಿಲ್ಲ. ಅವಳೇ ನಕ್ಕಳು. ಕತ್ತರಿ ಇಲ್ಲ, ಸೂಜಿ ಇಲ್ಲ, ಥರ್ಮಾಮೀಟರ್ ಇಲ್ಲ. ನಾಲ್ಕು ಚಿವುಟು, ಎರಡು ಒತ್ತು, ಎತ್ತು ಎದ್ದು ನಿಂತಿತು. ಕಾಲು ಮೋಟಾಗಿದ್ದವು, ಆದರೆ ಮಡಚಲಿಲ್ಲ. ಮೊಮ್ಮಗಳು ಏನೂ ಅನ್ನದೆ ತನ್ನ ಎತ್ತಿನ ಕೋಡಿನಿಂದ ಹಳದಿ ಕೊಡಣಸು ಬಿಚ್ಚಿ ಮಣ್ಣೆತ್ತಿಗೆ ತೊಡಿಸಿದಳು. ಮರುದಿನ ಬಾವಿಗೆ ಬಿಡುವ ಮುಂಚೆ ನಾಲ್ಕನ್ನೂ ಮರಳಿ ಬಿಚ್ಚಿಕೊಂಡಳು. ಒಡವೆ ಇಟ್ಟುಕೊಂಡು ಎತ್ತನ್ನು ಕಳಿಸಿದ್ದು ನೋಡಿ ನನಗೆ ಬ್ಯಾಂಕಿನ ನೆನಪಾಯಿತು.

ಈಗ ಆ ಕೊನೆಗೆ ಹೇಳುತ್ತೇನೆಂದ ಗ್ರಹಚಾರ. ಒಂದೇ ದಪ್ಪದ ಎಳೆ ತೆಗೆಯಲು ಈ ವಿದ್ಯೆಯಲ್ಲಿ ಬೇರೆ ಉಪಕರಣ ಮಾರುತ್ತಾರೆ. ನನ್ನ ಜಿಪುಣ ಬುದ್ಧಿಗೆ ಅಡುಗೆಮನೆಯ ಹಿತ್ತಾಳೆಯ ಚಕ್ಕಲಿ ಒರಳು ಕಂಡಿತು. ಮನೆಯಾಕೆ ಊರಿಗೆ ಹೋದ ದಿನ ಅದಕ್ಕೆ ಕೆಂಪು ಮಣ್ಣು ತುಂಬಿ ತಿರುಗಿಸಿದೆ. ನಕ್ಷತ್ರದ ಬಿಲ್ಲೆಯಿಂದ ಎಂಥ ಎಳೆ ಬಂತು ಅಂತೀರಿ! ಅದನ್ನು ಹೆಣೆದು ಮಾಡಿದ ಹಾರ ಸೊಸೆಯ ತವರಿನ ಮದುವೆಯಲ್ಲಿ ಹೆಸರು ಮಾಡಿತು. ಆದರೆ ಮಡಿ ಎಂದರೆ ಮಡಿ, ಆ ಒರಳು ಮತ್ತೆ ಎಣ್ಣೆಯ ಬಾಣಲೆಯ ಮುಖ ನೋಡುವಂತಿಲ್ಲ. ಅದು ಜಮಖಂಡಿಯಿಂದ ಬಂದ ಒರಳು, ಅತ್ತೆಯವರ ಕೈಯದು, ಬೋರಮಾಳದ ಜೊತೆಗೇ ಬಂದದ್ದು. ಮನೆಯಾಕೆಗೆ ಇನ್ನೂ ಗೊತ್ತಿಲ್ಲ. ದೀಪಾವಳಿಗೆ ಹದಿನೈದು ದಿನ ಉಳಿದಿದೆ, ನಿನ್ನೆ ಅಕ್ಕಿ ತೊಳೆದು ಒಣಹಾಕಿದ್ದಾಳೆ.

ಓದುಗರಲ್ಲಿ ಯಾರ ಮನೆಯಲ್ಲಾದರೂ ಹಳೆಯ ಹಿತ್ತಾಳೆ ಚಕ್ಕಲಿ ಒರಳು, ನಕ್ಷತ್ರದ ಬಿಲ್ಲೆ ಸಮೇತ ಇದ್ದರೆ ದಯವಿಟ್ಟು ತಿಳಿಸಿ. ರೊಕ್ಕ ಬೇಕೆಂದರೆ ರೊಕ್ಕ ಕೊಡುತ್ತೇನೆ. ಬೇಡವೆಂದರೆ ಒಂದು ನಾಯಿ.